ಕಳ್ಳಪ್ರತಿಯ ವಿಷಯವಾದ ಒಂದು ಪಾಠ



ಕಳೆದ ಸುಗ್ಗಿಯ ಕಾಲದಲ್ಲಿ, ಮತ್ತೋಡಿನ ಕಡೆಯ ಒಂದು ಸಣ್ಣ ಸಭೆಯಲ್ಲಿ ಸಂಜೆಯ ಪಾಠವು ತೀರಿದ ಮೇಲೆ, ಹಿರಿಯರೊಬ್ಬರು ತಮ್ಮ ಮೊಮ್ಮಗನ ಕೈಯಿಂದ ಮೊಬೈಲನ್ನು ತೆಗೆದುಕೊಂಡು ನನಗೆ ತೋರಿಸಿ, “ಉಪದೇಶಿಗಳೇ, ಮೊನ್ನೆ ಶುಕ್ರವಾರ ಬೆಂಗಳೂರಿನಲ್ಲಿ ತೆರೆಕಂಡ ಸಿನೆಮಾ ಭಾನುವಾರಕ್ಕೆ ಇದರೊಳಗೆ ಬಂದಿದೆ. ನಾವು ಒಂದು ಕಾಸನ್ನೂ ಕೊಡಲಿಲ್ಲ. ಇದು ತಪ್ಪೆಂದು ನಾನು ಹೇಳಿದರೆ ಹುಡುಗರು ನಗುತ್ತಾರೆ. ಕಳವಾದರೆ ಒಡೆಯನ ಮನೆಯಲ್ಲಿ ಒಂದು ಸಾಮಾನು ಕಡಿಮೆಯಾಗಬೇಕಷ್ಟೆ. ಇಲ್ಲಿ ಯಾರ ಮನೆಯಲ್ಲಿ ಏನು ಕಡಿಮೆಯಾಯಿತು ಎಂದು ಕೇಳುತ್ತಾರೆ. ಅವರಿಗೆ ಏನು ಹೇಳಲಿ?” ಎಂದರು. ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ವಿಚಾರಿಸಿ ಬರೆಯುತ್ತೇನೆಂದು ಹೇಳಿ ಎದ್ದೆನು. ಎಂಟನೆಯ ಆಜ್ಞೆಯನ್ನು ಒಪ್ಪಿಸಿ ಮಾತನ್ನು ಮುಗಿಸಬಹುದಾಗಿತ್ತು. ಆದರೆ ಹುಡುಗರು ಕೇಳಿದ್ದು ಕದಿಯಬಹುದೋ ಎಂಬದನ್ನಲ್ಲ, ಇದು ಕಳವು ಹೌದೋ ಎಂಬದನ್ನೇ. ಅದಲ್ಲದೆ ಅಂಥ ಚಿತ್ರವೊಂದನ್ನು ನಾನು ನನ್ನ ಸ್ವಂತ ಮನೆಯಲ್ಲಿ ಮಕ್ಕಳೊಂದಿಗೆ ಕೂತು ನೋಡಿದ್ದು ನನ್ನ ನೆನಪಿನಲ್ಲಿತ್ತು.

ಮತ್ತೋಡಿನವರಿಗೆ ಬಳೆಯ ದೃಷ್ಟಾಂತವು ಸುಲಭವಾಗಿ ತಿಳಿಯುವದು. ಹೊಸದುರ್ಗ ತಾಲೂಕಿನ ಈ ಊರು ಒಂದು ಕಾಲದಲ್ಲಿ ಗಾಜಿನ ಬಳೆಗಳಿಗೆ ಹೆಸರಾಗಿತ್ತು. 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಬುಕಾನನ್ ಎಂಬ ವೈದ್ಯನು ಇಲ್ಲಿಯ ಗಾಜಿನ ಕೆಲಸದ ವಿಷಯವಾಗಿ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಆ ಕುಲುಮೆಗಳು ಆರಿ ಬಹುಕಾಲವಾಯಿತು. ಬಳೆಗಾರನು ಮಲಾರವನ್ನು ಹೊತ್ತು ಬೀದಿಗೆ ಬಂದಿದ್ದಾನೆಂದು ನೆನಸಿರಿ. ಅವನು ನೀರು ಕುಡಿಯಲು ಬಗ್ಗಿದಾಗ ಒಬ್ಬನು ಒಂದು ಡಜನು ಬಳೆಗಳನ್ನು ಎಳೆದುಕೊಂಡರೆ ಮಲಾರದಲ್ಲಿ ಒಂದು ಡಜನು ಕಡಿಮೆಯಾಗುವದು. ಸಂಜೆ ಎಣಿಸುವಾಗ ಬಳೆಗಾರನಿಗೆ ಗೊತ್ತಾಗುವದು. ಸಿನೆಮಾದ ಸಂಗತಿ ಹಾಗಲ್ಲ. ಅದನ್ನು ಮೊಬೈಲಿನಿಂದ ಮೊಬೈಲಿಗೆ ಸಾವಿರ ಸಲ ನಕಲು ಮಾಡಿದರೂ ಮೂಲವು ಇದ್ದಲ್ಲಿಯೇ ಇರುವದು. ಇಷ್ಟರ ಮಟ್ಟಿಗೆ ಹುಡುಗರ ಮಾತು ನಿಜ. ಅದನ್ನು ನಾವು ಒಪ್ಪಿಕೊಳ್ಳದೆ ಗದರಿಸಿದರೆ ಅವರು ನಮ್ಮ ಉಳಿದ ಮಾತುಗಳನ್ನೂ ಕೇಳುವದಿಲ್ಲ.

ಆದರೆ ಬಳೆಗೂ ಸಿನೆಮಾಕ್ಕೂ ಇನ್ನೊಂದು ಭೇದವುಂಟು, ಅದನ್ನು ಅವರು ನೋಡಲಿಲ್ಲ. ಬಳೆಗಾರನು ಇಂದು ನೂರು ಬಳೆ ಮಾಡಿ, ಮಾರಿ, ಬಂದ ಹಣದಿಂದ ನಾಳೆ ಇನ್ನು ನೂರು ಮಾಡಬಹುದು. ಸಿನೆಮಾ ಮಾಡುವವನಾದರೋ ಮೊದಲನೆಯ ನೋಟಕನು ಬಾಗಿಲಿಗೆ ಬರುವದಕ್ಕೆ ಮುಂಚೆಯೇ ಕೊನೆಯ ರೂಪಾಯಿಯ ವರೆಗೆ ಖರ್ಚು ಮಾಡಿಬಿಟ್ಟಿರುತ್ತಾನೆ. ಪ್ರತಿ ತೆಗೆಯಲು ಏನೂ ತಗಲುವದಿಲ್ಲ. ಮೊದಲನೆಯ ಪ್ರತಿಗೇ ಕೋಟಿಗಟ್ಟಲೆ ತಗಲಿದೆ. ಆದಕಾರಣ ನಾವು ಕೊಡುವ ಟಿಕೇಟಿನ ಹಣವು ಒಂದು ಸಾಮಾನಿನ ಕ್ರಯವಲ್ಲ, ಆಗಲೇ ಆಗಿಹೋದ ಒಂದು ದೊಡ್ಡ ಖರ್ಚಿನಲ್ಲಿ ನಮ್ಮ ಪಾಲು. ನಮ್ಮ ಊರುಗಳಲ್ಲಿ ನಾಟಕವಾಡಿಸುವಾಗ ಮನೆಮನೆಗೆ ವಂತಿಗೆ ಎತ್ತುವದಿಲ್ಲವೋ? ಸೀನಿನವರಿಗೆ, ಹಾರ್ಮೋನಿಯಂ ಮೇಷ್ಟ್ರಿಗೆ, ದೀಪದವರಿಗೆ, ಊಟಕ್ಕೆ ಎಂದು ಲೆಕ್ಕ ಹಾಕಿ ಪಾಲು ಹಂಚುತ್ತಾರೆ. ಒಬ್ಬನು ವಂತಿಗೆ ಕೊಡದೆ ಕಂಬಳಿ ಹೊದ್ದು ಕತ್ತಲೆಯಲ್ಲಿ ಕೂತು ನೋಡಿದರೆ ಯಾರ ಚಾಪೆಯೂ ಕಡಿಮೆಯಾಗುವದಿಲ್ಲ, ರಾಜಪಾರ್ಟಿನವನ ಹಾಡೂ ಚಿಕ್ಕದಾಗುವದಿಲ್ಲ. ಅವನ ಪಾಲನ್ನು ಉಳಿದವರು ಹೊತ್ತರು, ಅಷ್ಟೇ. ಆದರೆ ಊರಿನಲ್ಲಿ ಅರ್ಧ ಮನೆಗಳವರು ಹಾಗೆ ಮಾಡಿದರೆ ಮೇಷ್ಟ್ರಿಗೆ ಸಲ್ಲತಕ್ಕದ್ದು ಸಲ್ಲುವದಿಲ್ಲ, ಮುಂದಿನ ವರುಷ ಆತನು ನಮ್ಮ ಊರಿಗೆ ಬರುವದೂ ಇಲ್ಲ. ಕಳ್ಳಪ್ರತಿಯಿಂದ ಕಡಿಮೆಯಾಗುವದು ಇರುವ ಚಿತ್ರವಲ್ಲ. ಮಾಡಿದವರ ಕೂಲಿ, ಮತ್ತು ಇನ್ನು ಹುಟ್ಟದಿರುವ ಮುಂದಿನ ಚಿತ್ರ.

ಇದು ಎಂಥಾ ಸ್ವತ್ತೆಂಬದನ್ನು ತಿಳಿಯಲು ನಮ್ಮ ಜಿಲ್ಲೆಯ ಒಂದು ಚಿತ್ರವನ್ನೇ ತೆಗೆದುಕೊಳ್ಳಿರಿ. 1972ರಲ್ಲಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ನಾಗರಹಾವು’ ದುರ್ಗದ ಕೋಟೆಯಲ್ಲಿ ಚಿತ್ರಿತವಾಯಿತು. ಕಥೆಯು ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳಿಂದ ಬಂದದ್ದು, ಸಂಗೀತ ವಿಜಯಭಾಸ್ಕರರದು, ಹಣ ಹಾಕಿದವರು ಎನ್. ವೀರಾಸ್ವಾಮಿಯವರು. 2018ರಲ್ಲಿ, ಅಂದರೆ 46 ವರುಷಗಳ ತರುವಾಯ, ವೀರಾಸ್ವಾಮಿಯವರ ಮಕ್ಕಳು ಆ ಹಳೆಯ ಚಿತ್ರವನ್ನು ಹೊಸ ಯಂತ್ರಗಳಿಂದ ಶುದ್ಧಮಾಡಿಸಿ ಮತ್ತೆ ಚಿತ್ರಮಂದಿರಗಳಿಗೆ ತಂದರು, ಜನರು ಮತ್ತೆ ಹೋಗಿ ನೋಡಿದರು. ತಂದೆಯು ತೋಡಿಸಿದ ಬಾವಿಯಂತೆ ಅದು ಮಕ್ಕಳ ಕಾಲಕ್ಕೂ ನೀರು ಕೊಟ್ಟಿತು. ನಮ್ಮ ದೇಶದ 1957ರ ಕೃತಿಸ್ವಾಮ್ಯದ ಕಾಯಿದೆಯು ಚಿತ್ರದ ಒಡೆತನವನ್ನು ಪ್ರಕಟವಾದ ವರುಷದ ಕೊನೆಯಿಂದ 60 ವರುಷಗಳ ವರೆಗೆ ಕಾಯುವದು. ಆ ಲೆಕ್ಕದಲ್ಲಿ ‘ನಾಗರಹಾವು’ 2032ರ ಅಂತ್ಯದ ತನಕ ಅದರ ಹಕ್ಕುದಾರರದು. ಹಾಗೆಯೇ 1954ರ ‘ಬೇಡರ ಕಣ್ಣಪ್ಪ’ ಚಿತ್ರದ ಮೇಲಿನ ಹಕ್ಕು 2014ರೊಂದಿಗೆ ತೀರಿತು. ಕಾನೂನು ಒಡೆಯನಿಗೆ ಎಂದೆಂದಿಗೂ ಬೇಲಿ ಹಾಕಿಕೊಟ್ಟಿಲ್ಲವೆಂಬದನ್ನು ಇದರಿಂದ ತಿಳಿಯಬಹುದು. ಕಾಲ ಬಂದಾಗ ಅದು ಊರಿನ ಸೊತ್ತಾಗುವದು. ನಮ್ಮ ಹುಡುಗರಿಗೆ ಶುಕ್ರವಾರದಿಂದ ಭಾನುವಾರದ ವರೆಗೂ ತಾಳ್ಮೆಯಿಲ್ಲ.

ಇನ್ನು, ಕಳ್ಳಪ್ರತಿಯು ಹುಟ್ಟುವದು ಹೇಗೆ? ಮೊದಲು ಟಾಕೀಸಿನಲ್ಲಿ ಒಬ್ಬನು ಅಂಗಿಯ ಜೇಬಿನಲ್ಲಿಯೋ ಕುರ್ಚಿಯ ಸಂದಿಯಲ್ಲಿಯೋ ಕ್ಯಾಮರಾ ಇಟ್ಟು ತೆರೆಯನ್ನೇ ಚಿತ್ರಿಸುವದಿತ್ತು, ಈಗಲೂ ಉಂಟು. ಅಂಥ ಪ್ರತಿಯಲ್ಲಿ ಮುಂದಿನವನ ತಲೆಯೂ ಕೆಮ್ಮೂ ಸೇರಿರುತ್ತವೆ. ಎರಡನೆಯದಾಗಿ, ಒಳಗಿನವರಿಂದಲೇ ಹೊರಬೀಳುವದುಂಟು. 2016ರ ಜೂನಿನಲ್ಲಿ ‘ಉಡ್ತಾ ಪಂಜಾಬ್’ ಎಂಬ ಹಿಂದೀ ಚಿತ್ರದ ಪ್ರತಿಯು ಬಿಡುಗಡೆಗೆ ಎರಡು ದಿನ ಮುಂಚೆಯೇ ಜಾಲದಲ್ಲಿ ಕಾಣಿಸಿಕೊಂಡಿತು; ಅದರ ಮೇಲೆ ಸೆನ್ಸಾರಿಗೆ ಕೊಟ್ಟದ್ದೆಂಬ ಬರಹವಿತ್ತು. ಮೂರನೆಯದಾಗಿ, ಓಟಿಟಿ ಎಂದು ಕರೆಯಲ್ಪಡುವ, ಚಂದಾ ಕಟ್ಟಿ ನೋಡುವ ಜಾಲಗಳಲ್ಲಿ ಚಿತ್ರ ಬಂದ ಗಳಿಗೆಯಲ್ಲಿಯೇ ಅದರ ಬೀಗವನ್ನು ಒಡೆದು ನಿರ್ಮಲವಾದ ಪ್ರತಿಯನ್ನು ತೆಗೆಯುತ್ತಾರೆ. ಹೀಗೆ ತೆಗೆದದ್ದನ್ನು ಪರದೇಶದ ಯಾವದೋ ಯಂತ್ರದಲ್ಲಿಟ್ಟು ಜಾಲತಾಣಗಳಿಂದಲೂ ಟೆಲಿಗ್ರಾಂ ಗುಂಪುಗಳಿಂದಲೂ ಹಂಚುವರು. ಒಂದು ಹೆಸರಿನ ತಾಣವನ್ನು ಮುಚ್ಚಿಸಿದರೆ ಒಂದಕ್ಷರ ಬದಲಾಯಿಸಿ ಅದೇ ದಿನ ಇನ್ನೊಂದನ್ನು ತೆರೆಯುವರು. ಈ ಕಾರಣದಿಂದಲೇ 2019ರ ಏಪ್ರಿಲಿನಲ್ಲಿ ದೆಹಲಿಯ ಹೈಕೋರ್ಟು, ಒಂದು ತಾಣಕ್ಕೆ ತಡೆಯಾಜ್ಞೆಯಾದರೆ ಅದರ ಹೊಸ ಹೆಸರುಗಳನ್ನೂ ಹೊಸ ದಾವೆಯಿಲ್ಲದೆ ಅದೇ ಆಜ್ಞೆಗೆ ಸೇರಿಸಬಹುದೆಂದು ತೀರ್ಪಿತ್ತಿತು.

ಕನ್ನಡಿಗರು ಮರೆಯಲಾರದ ಸಂಗತಿಯೊಂದು ಅದೇ ವರುಷ ನಡೆಯಿತು. ಎಸ್. ಕೃಷ್ಣರು ನಿರ್ದೇಶಿಸಿ, ಅವರ ಪತ್ನಿ ಸ್ವಪ್ನಾ ಕೃಷ್ಣರು ನಿರ್ಮಿಸಿದ, ಸುದೀಪರು ನಟಿಸಿದ ‘ಪೈಲ್ವಾನ್’ 2019ರ ಸೆಪ್ಟೆಂಬರ್ 12ರಂದು ಬಿಡುಗಡೆಯಾಯಿತು. ಟಾಕೀಸುಗಳ ಮುಂದೆ ಸಾಲು ಕರಗುವದಕ್ಕೆ ಮುಂಚೆಯೇ ಅದರ ಪ್ರತಿ ಮೊಬೈಲುಗಳಲ್ಲಿ ಹರಿದಾಡಿತು. ಚಿತ್ರದವರು ಬೆಂಗಳೂರಿನ ಸೈಬರ್ ಪೊಲೀಸರಿಗೆ ದೂರು ಕೊಟ್ಟರು. ಕೆಲವು ದಿವಸಗಳಲ್ಲಿ ಒಬ್ಬ ಯುವಕನ ಬಂಧನವಾಯಿತು. ಅವನ ಮೇಲಣ ಆಪಾದನೆ ಚಿತ್ರದ ಲಿಂಕನ್ನು ಹಂಚಿದನೆಂಬದು. ಇಲ್ಲಿ ಸ್ವಲ್ಪ ನಿಂತು ನೋಡಿರಿ. ಕ್ಯಾಮರಾ ಹಿಡಿದವನೂ ತಾಣ ನಡಿಸಿದವನೂ ಎಲ್ಲಿದ್ದರೋ; ಸಿಕ್ಕಿಬಿದ್ದವನು ನಮ್ಮ ನಿಮ್ಮ ಮನೆಯ ಮಕ್ಕಳಂಥ ಒಬ್ಬ ಹುಡುಗನು. ಅದಕ್ಕಿಂತ ಕೆಟ್ಟದ್ದು ಮತ್ತೊಂದಾಯಿತು. ಪ್ರತಿಯನ್ನು ಹೊರಬಿಟ್ಟವರು ಇಂಥ ನಟರ ಅಭಿಮಾನಿಗಳು ಎಂದು ಒಂದು ಕಡೆಯವರು, ಅಲ್ಲವೆಂದು ಇನ್ನೊಂದು ಕಡೆಯವರು ತಿಂಗಳುಗಟ್ಟಲೆ ಬೈದಾಡಿದರು. ಹಣದ ನಷ್ಟವನ್ನಾದರೂ ಎಣಿಸಬಹುದು. ಒಂದೇ ಓಣಿಯ ಹುಡುಗರು ಮಾತು ಬಿಟ್ಟದ್ದನ್ನು ಯಾವ ಲೆಕ್ಕಕ್ಕೆ ಬರೆಯೋಣ?

ಕಾನೂನು ಈಗ ಮುಂಚಿನಂತೆ ಸಡಿಲವಾಗಿಲ್ಲ. 2023ರಲ್ಲಿ ಚಲಚ್ಚಿತ್ರ ಕಾಯಿದೆಗೆ ಮಾಡಿದ ತಿದ್ದುಪಡಿಯ ಪ್ರಕಾರ, ಚಿತ್ರವನ್ನು ಅಪ್ಪಣೆಯಿಲ್ಲದೆ ಚಿತ್ರಿಸಿಕೊಳ್ಳುವವನಿಗೂ ಅಂಥ ಪ್ರತಿಯನ್ನು ಪ್ರದರ್ಶಿಸುವವನಿಗೂ 3 ತಿಂಗಳಿಗೆ ಕಡಿಮೆಯಲ್ಲದ, 3 ವರುಷಗಳ ವರೆಗೆ ಸೆರೆಮನೆ. ದಂಡವು 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲ, ಚಿತ್ರದ ನಿರ್ಮಾಣದ ಖರ್ಚಿನಲ್ಲಿ ನೂರಕ್ಕೆ 5ರ ವರೆಗೆ ಏರಬಹುದು. ಅದೇ ವರುಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಇಂಥ ದೂರುಗಳನ್ನು ಕೇಳಿ 48 ಗಂಟೆಗಳೊಳಗೆ ಲಿಂಕುಗಳನ್ನು ಮುಚ್ಚಿಸುವ ಅಧಿಕಾರಿಗಳನ್ನು ನೇಮಿಸಿತು. ನಮ್ಮ ರಾಜ್ಯದಲ್ಲಿ ಗೂಂಡಾ ಕಾಯಿದೆ ಎಂದು ಜನರು ಕರೆಯುವ 1985ರ ಕಾನೂನಿನಲ್ಲಿ, ಮುಂದಿನ ತಿದ್ದುಪಡಿಗಳಿಂದ, ಕಳ್ಳಭಟ್ಟಿಯವರ ಮತ್ತು ಜೂಜುಗಾರರ ಸಾಲಿನಲ್ಲಿ ವೀಡಿಯೋ ಆಡಿಯೋಗಳ ಕಳ್ಳಪ್ರತಿ ಮಾಡುವವರೂ ಸೇರಿದ್ದಾರೆ. ಆದರೆ ಹೆದರಿಕೆಯಿಂದ ಬಿಟ್ಟದ್ದು ಹೆದರಿಕೆ ಹೋದ ಕೂಡಲೆ ತಿರಿಗಿ ಬರುವದು. ಆದಕಾರಣ ಕಾನೂನಿನ ಮಾತನ್ನು ಇಷ್ಟಕ್ಕೇ ಬಿಡುತ್ತೇನೆ.

ಬಿಟ್ಟಿಯಾಗಿ ಕೊಡುವವನಿಗೆ ಬರುವ ಲಾಭವೇನು? ಈ ಪ್ರಶ್ನೆಯನ್ನು ನಮ್ಮ ಹುಡುಗರಲ್ಲಿ ಒಬ್ಬನೂ ಕೇಳಿಕೊಂಡಿರಲಿಲ್ಲ. ತೆಲುಗು ಚಿತ್ರಗಳ ಕಳ್ಳಪ್ರತಿಗೆ ಹೆಸರಾಗಿದ್ದ ಐಬೊಮ್ಮ ಎಂಬ ತಾಣವನ್ನು ನಡಿಸುತ್ತಿದ್ದನೆಂದು 2025ರ ನವೆಂಬರಿನಲ್ಲಿ ಹೈದರಾಬಾದಿನ ಪೊಲೀಸರು ಒಬ್ಬನನ್ನು ಹಿಡಿದಾಗ, ಅವನ ಆದಾಯವು ಬೆಟ್ಟಿಂಗಿನ ಜಾಹೀರಾತುಗಳಿಂದ ಬಂದದ್ದೆಂದು ಹೇಳಿದರು. ಅಂದರೆ ಸಿನೆಮಾ ಇಲ್ಲಿ ಗಾಳದ ತುದಿಯ ಎರೆಹುಳ. ಚಿತ್ರ ನೋಡಲು ಹೋದವನ ಮುಂದೆ ಜೂಜಿನ ಬಾಗಿಲು ತೆರೆಯುವದು. ಹತ್ತು ಸಾವಿರ ಮಂದಿಯಲ್ಲಿ ನೂರು ಮಂದಿ ಒಳಗೆ ಹೋದರೂ ತಾಣದವನಿಗೆ ಸಾಕು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾಯಿದೆಯಿಂದ ನಿಷೇಧಿಸಿದ್ದು, ಅದರಲ್ಲಿ ಹಾಳಾದ ಮನೆಗಳ ಮೊರೆಯಿಂದಲೇ. ಮತ್ತು ಕೆಲವು ಕಡತಗಳು ಸಿನೆಮಾವೇ ಅಲ್ಲ. ಹೆಸರು ಚಿತ್ರದ್ದು, ಒತ್ತಿದ ಕೂಡಲೆ ಮೊಬೈಲಿಗೆ ಇಳಿಯುವದು ಬೇರೊಂದು ಆ್ಯಪು. ಬ್ಯಾಂಕಿನಿಂದ ಬರುವ ಗುಟ್ಟಿನ ಸಂಖ್ಯೆಗಳನ್ನು ಅದು ಓದಿ ಕಳ್ಳನಿಗೆ ಕಳುಹಿಸುವದು. ಅಡಿಕೆ ತೆಂಗು ಮಾರಿದ ಹಣವನ್ನು ಮೊಬೈಲಿನಲ್ಲಿಯೇ ಇಟ್ಟುಕೊಂಡಿರುವ ನಮ್ಮವರು ಇದನ್ನು ಚೆನ್ನಾಗಿ ತಿಳಿದಿರತಕ್ಕದ್ದು.

ಇನ್ನು ಕಳಕೊಳ್ಳುವವರ ವಿಷಯ. ಹುಡುಗರು ಹೇಳುವ ದೊಡ್ಡ ಮಾತು ಇದು: ನಟರಿಗೆ ಕೋಟಿಗಟ್ಟಲೆ ಸಂಬಳವಿದೆ, ನಮ್ಮ ನೂರು ರೂಪಾಯಿ ಹೋದರೆ ಅವರು ಉಪವಾಸ ಬೀಳುತ್ತಾರೋ? ಬೀಳುವದಿಲ್ಲ. ಹೆಸರಾದ ನಟನಿಗೆ ಸಲ್ಲುವದು ಬಹುಮಟ್ಟಿಗೆ ಚಿತ್ರ ಬಿಡುಗಡೆಯಾಗುವದಕ್ಕೆ ಮುಂಚೆಯೇ ಸಂದಿರುವದು. ಬಿಡುಗಡೆಯ ನಂತರದ ಹಣಕ್ಕಾಗಿ ಕಾದಿರುವವರು ಬೇರೆಯವರು. ಕ್ರಿಸ್ಮಸ್ಸಿಗೆ ಊರಿಗೆ ಬಂದಿದ್ದ ನಮ್ಮ ಕಡೆಯ ಒಬ್ಬ ಯುವಕನು ಬೆಂಗಳೂರಿನಲ್ಲಿ ಚಿತ್ರೀಕರಣದ ದೀಪಗಳನ್ನು ಹೊತ್ತು ನಿಲ್ಲಿಸುವ ಕೆಲಸ ಮಾಡುತ್ತಾನೆ. ಅವನನ್ನು ವಿಚಾರಿಸಿದೆನು. “ಅಯ್ಯಾ, ಒಂದು ಸಣ್ಣ ಚಿತ್ರದಲ್ಲಿ 22 ದಿವಸ ಕೆಲಸ ಮಾಡಿದೆ. ಅರ್ಧ ಕೊಟ್ಟರು. ಉಳಿದದ್ದು ಚಿತ್ರ ಓಡಿದ ಮೇಲೆ ಎಂದರು. ಓಡಲಿಲ್ಲ. ನಿರ್ಮಾಪಕರು ಮೋಸಗಾರರಲ್ಲ, ತಮ್ಮ ನಿವೇಶನವನ್ನೇ ಮಾರಿ ಸಾಲ ತೀರಿಸಿದರು. ನಮ್ಮ ತನಕ ಬರಲಿಲ್ಲ,” ಎಂದನು. ಆ ಚಿತ್ರವು ಕಳ್ಳಪ್ರತಿಯಿಂದಲೇ ಬಿತ್ತೋ ಎಂದು ಕೇಳಿದರೆ, “ಅದೊಂದೇ ಅಲ್ಲ. ಚಿತ್ರವೂ ಅಷ್ಟಕ್ಕಷ್ಟೆ. ಆದರೆ ಟಾಕೀಸಿನಲ್ಲಿ ಹತ್ತು ಜನ ಇದ್ದಾಗ, ನನ್ನ ಸ್ವಂತ ಚಿಕ್ಕಪ್ಪನ ಮಗನು ಮೊಬೈಲಿನಲ್ಲಿ ನೋಡಿ, ನಿನ್ನ ಹೆಸರು ಕೊನೆಯಲ್ಲಿ ಬಂತು ಕಣೋ ಎಂದು ಫೋನು ಮಾಡಿದ,” ಎಂದು ನಕ್ಕನು. ಅವನ ಜೊತೆಗೆ ಜನರೇಟರು ವಾಹನದವನು, ಉಡುಪು ಹೊಲಿಯುವವರು, ಸೆಟ್ಟಿನ ಬಡಗಿಗಳು, ಬೆಳಗಿನ ಜಾವಕ್ಕೆ ಎದ್ದು ನೂರು ಜನರಿಗೆ ಉಪ್ಪಿಟ್ಟು ಬೇಯಿಸುವವರು ಎಷ್ಟೋ ಮಂದಿ ಇದ್ದಾರೆ. 2024ರಲ್ಲಿ ನಮ್ಮ ರಾಜ್ಯವು ಇಂಥ ಸಿನೆಮಾ ಕೆಲಸಗಾರರ ಕ್ಷೇಮಕ್ಕಾಗಿ ಒಂದು ಕಾಯಿದೆ ಮಾಡಿ, ಟಿಕೇಟುಗಳ ಮೇಲೂ ಓಟಿಟಿ ಚಂದಾಗಳ ಮೇಲೂ ನೂರಕ್ಕೆ 1ರಿಂದ 2ರ ವರೆಗೆ ಸೆಸ್ಸು ಎತ್ತಲು ಏರ್ಪಡಿಸಿತು. ಮಾರಾಟವಾಗದ ಟಿಕೇಟಿನಿಂದ ಆ ನಿಧಿಗೆ ಏನೂ ಬರಲಾರದು.

ದೇಶದ ಒಟ್ಟು ಲೆಕ್ಕವನ್ನು ಕೇಳಿದರೆ ತಲೆ ತಿರುಗುವದು. 2024ರಲ್ಲಿ ಇ.ವೈ. ಎಂಬ ಲೆಕ್ಕಪರಿಶೋಧಕ ಸಂಸ್ಥೆಯೂ ಇಂಟರ್ನೆಟ್ ಕಂಪೆನಿಗಳ ಸಂಘವೂ ಕೂಡಿ ಪ್ರಕಟಿಸಿದ ವರದಿಯ ಪ್ರಕಾರ, 2023ರಲ್ಲಿ ಭಾರತದ ಕಳ್ಳಪ್ರತಿ ವ್ಯವಹಾರದ ಗಾತ್ರ 22,400 ಕೋಟಿ ರೂಪಾಯಿ. ಇದರಲ್ಲಿ 13,700 ಕೋಟಿ ಟಾಕೀಸಿನ ಚಿತ್ರಗಳಿಂದ, 8,700 ಕೋಟಿ ಓಟಿಟಿಯಿಂದ ಕದ್ದದ್ದು. ನೋಡುವವರಲ್ಲಿ ನೂರಕ್ಕೆ 51 ಮಂದಿ ಕಳ್ಳದಾರಿಯನ್ನು ಹಿಡಿದವರೆಂದೂ ಅದು ಹೇಳುತ್ತದೆ. ಈ ಸಂಖ್ಯೆಗಳನ್ನು ಹಾಗೆಯೇ ನುಂಗತಕ್ಕದ್ದಲ್ಲವೆಂದು ನನ್ನ ಅಭಿಪ್ರಾಯ. ಯಾಕಂದರೆ ಬಿಟ್ಟಿ ನೋಡಿದವರೆಲ್ಲರೂ ದುಡ್ಡು ಕೊಟ್ಟು ನೋಡುತ್ತಿದ್ದರೆಂಬದು ಸುಳ್ಳು. ನಮ್ಮ ಹಿರಿಯರ ಮೊಮ್ಮಗನು ವಾರಕ್ಕೆ ಮೂರು ಚಿತ್ರ ನೋಡುತ್ತಾನೆ, ಅವನ ಜೇಬಿನಲ್ಲಿ ಒಂದಕ್ಕೂ ಹಣವಿಲ್ಲ. ಆದರೆ ಅರ್ಧಕ್ಕೆ ಅರ್ಧ ಕಡಿದರೂ, ಕಾಲಿಗೆ ಇಳಿಸಿದರೂ, ಉಳಿಯುವದು ಸಣ್ಣ ಮೊತ್ತವಲ್ಲ.

ದೊಡ್ಡ ಚಿತ್ರವು ಈ ಪೆಟ್ಟನ್ನು ತಡೆದುಕೊಂಡೀತು. 2022ರ ‘ಕೆ.ಜಿ.ಎಫ್.’ ಎರಡನೆಯ ಭಾಗವೂ ‘ಕಾಂತಾರ’ವೂ ದೇಶವೆಲ್ಲಾ ಓಡಿ ಹಣ ಮಾಡಿದವು. ಆದರೆ ಕನ್ನಡದಲ್ಲಿ ಇತ್ತೀಚೆಗೆ ವರುಷಕ್ಕೆ ಇನ್ನೂರರಷ್ಟು ಚಿತ್ರಗಳು ಬರುತ್ತಿವೆ, ಅವುಗಳಲ್ಲಿ ಬಹಳಷ್ಟು ಚಿಕ್ಕವು. ಚಿಕ್ಕ ಚಿತ್ರಕ್ಕೆ ಮೊದಲನೆಯ ಮೂರು ದಿವಸಗಳೇ ಪ್ರಾಣ. ಸೋಮವಾರಕ್ಕೆ ಜನರಿಲ್ಲದಿದ್ದರೆ ಟಾಕೀಸಿನವರು ಬೇರೆ ಚಿತ್ರವನ್ನು ಹಾಕುವರು. ಓಟಿಟಿಯವರೂ ಕನ್ನಡವನ್ನು ಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ರಕ್ಷಿತ್ ಶೆಟ್ಟರ ಸಂಸ್ಥೆಯು ‘ಏಕಂ’ ಎಂಬ ಕಥಾಮಾಲೆಯನ್ನು ಕೊಳ್ಳುವವರು ಸಿಕ್ಕದೆ 2024ರ ಜುಲೈಯಲ್ಲಿ ತನ್ನ ಸ್ವಂತ ತಾಣದಲ್ಲಿಯೇ ಹಣಕ್ಕೆ ತೋರಿಸಬೇಕಾಯಿತು. ಹಣ ಕೊಟ್ಟು ನೋಡುವವರು ಕಡಿಮೆ ಇರುವ ಭಾಷೆಗೆ ಕೊಳ್ಳುವವರೂ ಕಡಿಮೆ. ಇದಕ್ಕೆ ವಿರೋಧವಾದ ಒಂದು ಒಳ್ಳೆಯ ವರ್ತಮಾನವೂ ಉಂಟು. ಪವನ್ ಕುಮಾರರು 2013ರ ‘ಲೂಸಿಯಾ’ ಚಿತ್ರಕ್ಕೆ ನಿರ್ಮಾಪಕರು ಸಿಕ್ಕದಿದ್ದಾಗ ಜನರನ್ನೇ ಕೇಳಿದರು. ನೂರಕ್ಕೂ ಹೆಚ್ಚು ಮಂದಿ ಕೂಡಿ ಸುಮಾರು 50 ಲಕ್ಷ ರೂಪಾಯಿಯನ್ನು ಚಿತ್ರ ಹುಟ್ಟುವದಕ್ಕೆ ಮುಂಚೆಯೇ ಕೊಟ್ಟರು. ನಮ್ಮ ನಾಟಕದ ವಂತಿಗೆಯೇ ಇದು.

ಬಡವರ ಪಕ್ಷದಲ್ಲಿ ಹೇಳತಕ್ಕ ಮಾತನ್ನು ಮುಚ್ಚಿಡುವದು ನ್ಯಾಯವಲ್ಲ. ನಮ್ಮ ತಾಯಿತಂದೆಗಳ ಕಾಲದಲ್ಲಿ ಟೂರಿಂಗ್ ಟಾಕೀಸಿನ ಟೆಂಟು ಊರ ಹೊರಗೆ ಬಂದು ನಿಲ್ಲುತ್ತಿತ್ತು. ಮರಳಿನ ಮೇಲೆ ಕೂತು ಚಿಲ್ಲರೆ ಕಾಸಿಗೆ ನೋಡುತ್ತಿದ್ದರು. ಈಗ ಮತ್ತೋಡಿನ ಕಡೆಯ ಕೂಲಿಯವನು ಹೆಂಡತಿ ಮಕ್ಕಳೊಂದಿಗೆ ಪಟ್ಟಣಕ್ಕೆ ಹೋಗಿ ಬರಬೇಕಾದರೆ ಬಸ್ಸು, ಟಿಕೇಟು, ಹೋಟೆಲು ಎಂದು ಎರಡು ದಿನದ ಕೂಲಿ ಹೋಗುವದು, ರಾತ್ರಿಯ ಬಸ್ಸೂ ತಪ್ಪುವದು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಟಿಕೇಟಿಗೆ 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳಲ್ಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಚಿತ್ರದವರು ಹಳ್ಳಿಯವರಿಗೆ ನ್ಯಾಯವಾದ ಬಾಗಿಲನ್ನು ಕಿರಿದು ಮಾಡಿ, ಹಿಂದಿನ ಬಾಗಿಲಿನಿಂದ ಬಂದಿರೆಂದು ದೂರುವದು ಪೂರಾ ಸರಿಯಲ್ಲ. ಆದರೂ ಹಸಿದವನು ತೆಗೆದುಕೊಂಡ ರೊಟ್ಟಿಗೂ ಇದಕ್ಕೂ ಹೋಲಿಕೆಯಿಲ್ಲ. ಸಿನೆಮಾ ನೋಡದೆ ಯಾರೂ ಸತ್ತಿಲ್ಲ.

ಮತ್ತು ಕಾಯಬಲ್ಲವನಿಗೆ ದಾರಿಗಳುಂಟು. ದೂರದರ್ಶನದ ಚಂದನವು ಕನ್ನಡ ಚಿತ್ರಗಳನ್ನು ಹಕ್ಕು ಪಡೆದೇ ಬಿತ್ತರಿಸುತ್ತದೆ. ಹಕ್ಕುದಾರರೇ ಯೂಟ್ಯೂಬಿನಲ್ಲಿ ಬಿಟ್ಟಿಯಾಗಿ ಇಟ್ಟಿರುವ ಹಳೆಯ ಚಿತ್ರಗಳು ಬಹಳ ಇವೆ. ಅಲ್ಲಿ ಜಾಹೀರಾತಿನ ಹಣವು ಒಡೆಯನಿಗೇ ಸೇರುವದು. ಯಾವದು ಒಡೆಯನು ಕೊಟ್ಟದ್ದು, ಯಾವದು ಕದ್ದದ್ದು ಎಂದು ಸಂದೇಹವಾದರೆ, ಚಿತ್ರ ಬಂದು ಎಷ್ಟು ದಿನವಾಯಿತೆಂದು ನೋಡಿರಿ. ಟಾಕೀಸಿನಲ್ಲಿ ಓಡುತ್ತಿರುವ ಚಿತ್ರವನ್ನು ಯಾವ ಒಡೆಯನೂ ವಾಟ್ಸಾಪಿನಲ್ಲಿ ಕಳುಹಿಸಲಾರನು.

ಸಭೆಗಳವರಿಗೆ ಇನ್ನೊಂದು ವಿಷಯ. ಮನೆಯವರು ನೋಡಲೆಂದು ಕಟ್ಟಿದ ಓಟಿಟಿ ಚಂದಾದಿಂದ ಅಂಗಳದಲ್ಲಿ ಪರದೆ ಕಟ್ಟಿ ಊರಿಗೆಲ್ಲಾ ತೋರಿಸುವದಕ್ಕೆ ಅಪ್ಪಣೆಯಿಲ್ಲ. ಹಣ ಎತ್ತದಿದ್ದರೂ ಇಲ್ಲ. ಲೂಕನ ಸುವಾರ್ತೆಯನ್ನು ಅನುಸರಿಸಿ 1979ರಲ್ಲಿ ತೆಗೆದ ‘ಜೀಸಸ್’ ಎಂಬ ಚಿತ್ರವನ್ನಾದರೋ ಅದರ ಒಡೆಯರೇ ಕನ್ನಡದಲ್ಲಿಯೂ ಬಿಟ್ಟಿಯಾಗಿ ಕೊಡುತ್ತಾರೆ, ಅದನ್ನು ನಿರಾತಂಕವಾಗಿ ತೋರಿಸಬಹುದು. ಆದರೆ ನಮ್ಮ ಯುವಕರು ಬರುವ ಕ್ರಿಸ್ಮಸ್ಸಿನ ರಾತ್ರಿ ಊರವರನ್ನೆಲ್ಲಾ ಕರೆದು ಹೊಸ ಕನ್ನಡ ಚಿತ್ರವೊಂದನ್ನು ತೋರಿಸಬೇಕೆಂದು ಹಟ ಹಿಡಿದಿದ್ದಾರೆ. ಪ್ರತಿಯು ಅವರ ಮೊಬೈಲಿನಲ್ಲಿ ಆಗಲೇ ಇತ್ತು. ಅದನ್ನು ಅಳಿಸಿ, ನಿರ್ಮಾಪಕರಿಗೆ ಅಪ್ಪಣೆ ಕೇಳಿ ಕಾಗದ ಬರೆಯಿರಿ ಎಂದು ಹಿರಿಯರೇ ಹೇಳಿದರು. ಕಾಗದವನ್ನು ಆ ಮೊಮ್ಮಗನೇ ಬರೆದನು. ಅಕ್ಷರ ಚೆನ್ನಾಗಿತ್ತು, ಎಷ್ಟು ಹಣ ಕೊಡಬೇಕೆಂದೂ ಅದರಲ್ಲಿ ಕೇಳಿದ್ದಾನೆ. ಅಂಚೆಗೆ ಹಾಕಿ ಹದಿನೈದು ದಿನವಾಯಿತು. ಉತ್ತರ ಇನ್ನೂ ಬಂದಿಲ್ಲ.